ಚೈನ್ ಸಾ ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು: ಚೈನ್, ಬಾರ್, ಅರ

ನಮ್ಮ ಮಲೆನಾಡಿನಲ್ಲಿ ಕತ್ತಿ, ಕೊಡಲಿ ಇಡುವ ಮೂಲೆಯಲ್ಲಿ ಈಗ ಚೈನ್ ಸಾ ಕೂಡ ಬಂದು ಕೂತಿದೆ. ಮಳೆಗಾಲದ ಗಾಳಿಗೆ ದಾರಿಗೆ ಅಡ್ಡ ಬಿದ್ದ ಮರ, ಬೇಸಿಗೆಯ ಸೌದೆ, ಕಾಫಿ ತೋಟದ ಮರಗಸಿ (ನೆರಳಿನ ಮರದ ಕೊಂಬೆ ಸವರುವುದು), ಎಲ್ಲಕ್ಕೂ ಅದೇ ಬೇಕು. ಓಡಿಸುವುದನ್ನು ಜನ ಒಂದೇ ದಿನದಲ್ಲಿ ಕಲಿಯುತ್ತಾರೆ. ಚೈನ್ ನೋಡಿಕೊಳ್ಳುವುದನ್ನು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ. ನಾನು ಮೆಕ್ಯಾನಿಕ್ ಅಲ್ಲ. ಸ್ವಂತ ಮೆಷಿನ್ ಇದೆ, ಚೈನಿನ ಹಲ್ಲು ಹರಿತ ಮಾಡಲು ಅರ ಹಿಡಿಯುವ ಚಟ ಇದೆ. ಹಾಗಾಗಿ ಅಕ್ಕಪಕ್ಕದವರ ಚೈನೂ ನಮ್ಮ ಜಗಲಿಗೆ ಬರುತ್ತದೆ. ಅಲ್ಲಿ ಕೂತು, ಫೋನಿನಲ್ಲಿ, ಮೆಸೇಜಿನಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಅವರವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ.

## ಹೊಸದಾಗಿ ಮೆಷಿನ್ ತಂದವರು ಕೇಳುವುದು

ಮೆಷಿನ್ ಆಫ್ ಆದ ಮೇಲೆ ಚೈನ್ ಮುಟ್ಟೋಕೆ ಎಂಥ ಹೆದರಿಕೆ? ಕೈಗವಸು ಯಾಕೆ ಬೇಕು?

ನನ್ನ ಎಡಗೈ ತೋರುಬೆರಳಿನ ಗಂಟಿನ ಮೇಲೆ ಒಂದು ಗಾಯದ ಗುರುತಿದೆ. ಅದಾದಾಗ ಮೆಷಿನ್ ಆಫ್ ಆಗಿ ಅರ್ಧ ಗಂಟೆ ಕಳೆದಿತ್ತು. ಬಾರಿನ, ಅಂದರೆ ಚೈನ್ ಸುತ್ತುವ ಉದ್ದನೆಯ ಪಟ್ಟಿಯ, ನಟ್ಟು ಬಿಗಿದುಕೊಂಡಿತ್ತು. ಎಡಗೈಯಲ್ಲಿ ಬಾರ್ ಅಮುಕಿ ಹಿಡಿದು, ಬಲಗೈಯಲ್ಲಿ ಪಾನ ತಿರುಗಿಸಿದೆ. ಪಾನ ಜಾರಿತು, ಎಡಗೈ ಚೈನಿನ ಮೇಲೆ ಎರಡಿಂಚು ಸರಿಯಿತು. ಅಷ್ಟೇ. ಅರ ಹಾಕಿದ ಹಲ್ಲು ಕ್ಷೌರದ ಬ್ಲೇಡಿನ ಹಾಗೆ, ಅದು ತಿರುಗಬೇಕೆಂದೇ ಇಲ್ಲ.

ಮುಟ್ಟುವ ಮೊದಲು ಸ್ವಿಚ್ ಆಫ್ ಮಾಡಿ, ಪ್ಲಗ್ಗಿನ ಟೋಪಿ ಕಿತ್ತಿಡಿ, ಬಿಸಿ ಆರಲು ಬಿಡಿ. ಬ್ಯಾಟರಿ ಮೆಷಿನ್ ಆದರೆ ಬ್ಯಾಟರಿ ಹೊರಗೆ ತೆಗೆಯಿರಿ. ಕರೆಂಟಿನದಾದರೆ ಪಿನ್ ಕೀಳಿ. ಈ ಎರಡು ಜಾತಿಯವು ಬಟನ್ ಒತ್ತಿದ ಕ್ಷಣ ತಿರುಗುತ್ತವೆ, ಹಗ್ಗ ಎಳೆಯುವ ತಾಪತ್ರಯ ಇಲ್ಲದ್ದೇ ಅವುಗಳ ಅಪಾಯ. ಕೈಗವಸು ಚರ್ಮದ್ದಿರಲಿ, ತೆಳು ನೂಲಿನದು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಓಡುವ ಚೈನನ್ನು ಮಾತ್ರ ಯಾವ ಗವಸೂ ತಡೆಯುತ್ತದೆಂದು ನಂಬಬೇಡಿ. ತೋಟಕ್ಕೆ ಒಯ್ಯುವಾಗ ಬಾರಿಗೆ ಕವರ್ ಹಾಕಿ, ಬಾರ್ ಹಿಂದಕ್ಕೆ ಬರುವಂತೆ ಹಿಡಿಯಿರಿ. ಜಾರಿ ಬಿದ್ದರೂ ನೀವು ಅದರ ಮೇಲೆ ಬೀಳಬಾರದು.

ಹೊಸ ಚೈನ್ ಕೇಳಿದ್ರೆ ಅಂಗಡಿಯಲ್ಲಿ ‘ಯಾವ ಪಿಚ್’ ಅಂತಾರೆ. 18 ಇಂಚಿನ ಬಾರ್ ಅಂದ್ರೆ ಸಾಲಲ್ವಾ?

ಸಾಲದು. ಮೂರು ಅಂಕೆ ಬೇಕು. ಒಂದು ಪಿಚ್. ಪಕ್ಕಪಕ್ಕದ ಮೂರು ರಿವಿಟ್ಟುಗಳ ದೂರ ಅಳೆದು ಅರ್ಧ ಮಾಡಿದರೆ ಅದು ಸಿಗುತ್ತದೆ. ನಮ್ಮ ಕಡೆಯ ಮೆಷಿನ್‌ಗಳಲ್ಲಿ ಹೆಚ್ಚಾಗಿ .325 ಇಂಚು ಅಥವಾ 3/8 ಇಂಚು. ಎರಡನೆಯದು ಗೇಜ್, ಅಂದರೆ ಬಾರಿನ ಗಾಡಿಯೊಳಗೆ (ಅಂಚಿನುದ್ದಕ್ಕೂ ಇರುವ ಸೀಳಿನೊಳಗೆ) ಇಳಿಯುವ ಕೊಂಡಿಯ ದಪ್ಪ. 1.3, 1.5, 1.6 ಮಿಲಿಮೀಟರ್ ಸಾಮಾನ್ಯ. ಮೂರನೆಯದು ಹಾಗೆ ಇಳಿಯುವ ಕೊಂಡಿಗಳ ಒಟ್ಟು ಎಣಿಕೆ. ಬಾರಿನ ಬುಡದಲ್ಲಿ, ಮೆಷಿನ್ನಿಗೆ ಕೂರುವ ಜಾಗದ ಹತ್ತಿರ ಈ ಅಂಕೆಗಳನ್ನು ಕೊರೆದಿರುತ್ತಾರೆ. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ನನಗೆ ಒಮ್ಮೆ ಒಂದು ಅಂಗಡಿಯಲ್ಲಿ ‘ಎಲ್ಲ ಒಂದೇ, ಕೂರುತ್ತೆ’ ಎಂದು 1.6ರ ಬಾರಿಗೆ 1.3ರ ಚೈನ್ ಕೊಟ್ಟರು. ಕೂತದ್ದೇನೋ ಹೌದು. ಗಾಡಿಯಲ್ಲಿ ಅದು ಆ ಕಡೆ ಈ ಕಡೆ ವಾಲಾಡುತ್ತಿತ್ತು, ಒಂದು ಮರವೂ ನೆಟ್ಟಗೆ ತುಂಡಾಗಲಿಲ್ಲ.

ಚೈನ್ ಯಾವ ಕಡೆ ಮುಖ ಮಾಡಿ ಹಾಕ್ಬೇಕು?

ಬಾರಿನ ಮೇಲ್ಭಾಗದಲ್ಲಿ ಹಲ್ಲಿನ ಹರಿತದ ತುದಿ ಬಾರಿನ ಮೂತಿಯ ಕಡೆ ನೋಡಬೇಕು. ಉಲ್ಟಾ ಹಾಕಿದರೆ ಹೊಗೆ ಬರುತ್ತದೆ, ಮರ ಕುಯ್ಯುವುದಿಲ್ಲ. ನಾಚಿಕೊಳ್ಳಬೇಡಿ, ಎಲ್ಲರೂ ಒಮ್ಮೆ ಮಾಡಿದವರೇ.

ಚೈನ್ ಎಷ್ಟು ಬಿಗಿ ಇರ್ಬೇಕು? ಬಿಗಿ ಮಾಡಿದ ಅರ್ಧ ಗಂಟೆಗೆ ಮತ್ತೆ ಜೋತು ಬೀಳುತ್ತೆ.

ಬಾರಿನ ನಟ್ಟು ಸ್ವಲ್ಪ ಸಡಿಲಿಸಿ. ಬಾರಿನ ಮೂತಿಯನ್ನು ಮೇಲಕ್ಕೆತ್ತಿ ಹಿಡಿದೇ ಬಿಗಿ ಸ್ಕ್ರೂ ತಿರುಗಿಸಿ. ಚೈನ್ ಬಾರಿನ ಕೆಳಬದಿಗೆ ತಾಗಿಕೊಳ್ಳುವಷ್ಟು ಬಂದರೆ ಸಾಕು. ಮೂತಿ ಎತ್ತಿ ಹಿಡಿದಿರುವಾಗಲೇ ನಟ್ಟು ಬಿಗಿ ಮಾಡಿ. ಬಹಳ ಜನ ಮೂತಿ ಕೆಳಗೆ ಬಿಟ್ಟು ಬಿಗಿಯುತ್ತಾರೆ, ಮೊದಲ ತುಂಡು ಕುಯ್ಯುವಾಗ ಬಾರ್ ಮೇಲೆ ಸರಿದು ಚೈನ್ ಸಡಿಲವಾಗುತ್ತದೆ. ಬ್ರೇಕ್ ಬಿಟ್ಟು, ಗವಸು ಹಾಕಿದ ಕೈಯಿಂದ ಎಳೆದು ನೋಡಿ. ಪೂರ್ತಿ ಸುತ್ತು ಸಲೀಸಾಗಿ ಬರಬೇಕು.

ಬಿಸಿಯಾದಾಗ ಚೈನ್ ಉದ್ದವಾಗುತ್ತದೆ, ಅದು ಕಬ್ಬಿಣದ ಗುಣ. ಹೊಸ ಚೈನ್ ಇನ್ನೂ ಜಾಸ್ತಿ ಸಡಿಲವಾಗುತ್ತದೆ, ಮೊದಲ ದಿನ ನಾಲ್ಕೈದು ಸಲ ನೋಡಬೇಕು. ಕೆಲಸದ ನಡುವೆ ಬಿಗಿ ಮಾಡಿದ್ದರೆ ಸಂಜೆ ಮೆಷಿನ್ ಇಡುವ ಮೊದಲು ಮತ್ತೆ ಸಡಿಲಿಸಿ. ರಾತ್ರಿ ತಣ್ಣಗಾಗಿ ಅದು ಕುಗ್ಗುವಾಗ ಕ್ರ್ಯಾಂಕ್ ಮತ್ತು ಬೇರಿಂಗನ್ನು ಎಳೆದು ಹಿಡಿಯುತ್ತದೆ. ಈ ಒಂದು ವಿಷಯ ಮರೆತು ಬೇರಿಂಗ್ ಕಳೆದುಕೊಂಡವರಿದ್ದಾರೆ.

ಬಾರಿಗೆ ಸುಟ್ಟ ಆಯಿಲ್ ಹಾಕಿದ್ರೆ ಏನಾಗುತ್ತೆ ಮಾರಾಯ್ರೆ? ಎಲ್ರೂ ಅದನ್ನೇ ಹಾಕ್ತಾರಲ್ಲ.

ಹಾಕುತ್ತಾರೆ, ಪುಕ್ಕಟೆ ಸಿಗುತ್ತದೆ ಎಂದು. ಆದರೆ ಜೀಪಿನಿಂದ ಇಳಿಸಿದ ಆಯಿಲ್‌ನಲ್ಲಿ ಸಣ್ಣ ಲೋಹದ ಪುಡಿ, ಮಸಿ ಎಲ್ಲ ಇರುತ್ತದೆ. ಬಾರಿನ ಗಾಡಿಗೆ, ಆಯಿಲ್ ಪಂಪಿಗೆ ಅದು ಮರಳು ಕಾಗದ ತಿಕ್ಕಿದ ಹಾಗೆ. ಮೈಗೂ ಕೆಟ್ಟದ್ದು. ಸುಟ್ಟ ಆಯಿಲ್ ಪದೇ ಪದೇ ಚರ್ಮಕ್ಕೆ ತಾಗಿದರೆ ಕ್ಯಾನ್ಸರ್ ತರಬಲ್ಲ ಅಂಶಗಳು ಅದರಲ್ಲಿವೆ. ಬಾರಿಗೆ ಹಾಕಿದ ಆಯಿಲ್ ವಾಪಸ್ ಬರುವುದಿಲ್ಲ ನೋಡಿ. ಅಷ್ಟೂ ಹಾರಿ ನಿಮ್ಮ ಅಂಗಿಗೆ, ತೋಟದ ಮಣ್ಣಿಗೆ, ಬಾವಿಕಟ್ಟೆಯ ಪಕ್ಕ ಕುಯ್ದರೆ ಬಾವಿಗೆ.

ಬಾರ್ ಆಯಿಲ್ ಅಂತಲೇ ಅಂಟಂಟು ಇರುವುದು ಬರುತ್ತದೆ, ಅದೇ ಒಳ್ಳೆಯದು. ಸಿಗದಿದ್ದರೆ ಹೊಸ ಎಂಜಿನ್ ಆಯಿಲ್ ಹಾಕಿ. ಕೊಬ್ಬರಿ ಎಣ್ಣೆ ಹಾಕಬಹುದಾ ಎಂದು ಕೇಳುವವರೂ ಇದ್ದಾರೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲೇ ಕಲ್ಲಾಗಿರುವುದು ಪಂಪಿನಲ್ಲಿ ಹೇಗೆ ಹರಿದೀತು?

ಆಯಿಲ್ ಬರುತ್ತಿದೆಯಾ ಎಂದು ನೋಡುವುದು ಸುಲಭ. ಬಿಳಿ ಮರದ ಕುತ್ತಿಯ (ಕಡಿದುಳಿದ ಮೋಟಿನ) ಮೇಲೆ ಒಂದು ಗೇಣು ಎತ್ತರದಲ್ಲಿ ಮೂತಿ ಹಿಡಿದು ಕೆಲವು ಸೆಕೆಂಡು ಅರ್ಧ ಆಕ್ಸಿಲರೇಟರ್ ಕೊಡಿ. ಕುತ್ತಿಯ ಮೇಲೆ ಎಣ್ಣೆಯ ಗೆರೆ ಮೂಡಬೇಕು. ಪೆಟ್ರೋಲ್ ಖಾಲಿಯಾದರೂ ಆಯಿಲ್ ಟ್ಯಾಂಕ್ ತುಂಬಿಯೇ ಇದ್ದರೆ ಖುಷಿಪಡಬೇಡಿ, ಎಲ್ಲೋ ಕಟ್ಟಿದೆ ಅಂತ ಅರ್ಥ. ಬಾರ್ ಬಿಚ್ಚಿ, ಬುಡದ ಸಣ್ಣ ತೂತನ್ನು ತಂತಿಯಿಂದ ಬಿಡಿಸಿ.

ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ಟು-ಟಿ ಆಯಿಲ್?

50ಕ್ಕೆ 1 ಎಂದು ಬರೆದಿದ್ದರೆ 20 ಮಿಲಿ, 25ಕ್ಕೆ 1 ಎಂದಿದ್ದರೆ 40 ಮಿಲಿ. ಮೆಷಿನ್ನಿನ ಪುಸ್ತಕ ಹೇಳಿದ್ದೇ ಕೊನೆ ಮಾತು. ಅಂದಾಜಿಗೆ ಮುಚ್ಚಳದಲ್ಲಿ ಸುರಿಯಬೇಡಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥೆನಾಲ್. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಜುಲೈ ತಿಂಗಳಲ್ಲಿ ಕೇಳಬೇಕಾ? ಬೇಕಾದಷ್ಟೇ ಕಲಸಿ. ತಿಂಗಳುಗಟ್ಟಲೆ ಇಡುವುದಾದರೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೂ ಓಡಿಸಿ ಇಡಿ.

## ಅರ ಹಿಡಿಯಲು ಶುರು ಮಾಡಿದವರು ಕೇಳುವುದು

ಪವರ್ ಕಮ್ಮಿ ಆಗಿದೆ, ಕಾರ್ಬೊರೇಟರ್ ಹೋಗಿದೆಯಾ?

ಮೊದಲು ಮೆಷಿನ್ ಅಲ್ಲ, ನೆಲ ನೋಡಿ. ಕುಯ್ದ ಜಾಗದಲ್ಲಿ ಏನು ಬಿದ್ದಿದೆ? ಅವಲಕ್ಕಿಯ ಹಾಗೆ ಚಕ್ಕೆ ಚಕ್ಕೆ ಬಿದ್ದಿದ್ದರೆ ಚೈನ್ ಹರಿತ ಇದೆ. ರಾಗಿ ಹಿಟ್ಟಿನ ಹಾಗೆ ನುಣ್ಣಗೆ ಬಿದ್ದಿದ್ದರೆ ಮೊಂಡಾಗಿದೆ. ಇದೊಂದನ್ನು ಕಲಿತರೆ ಅರ್ಧ ವಿದ್ಯೆ ಬಂದಂತೆ.

ಹರಿತದ ಚೈನ್ ಮೆಷಿನ್ನಿನ ಭಾರಕ್ಕೇ ಮರದೊಳಗೆ ಇಳಿಯುತ್ತದೆ. ನೀವು ಅಮುಕಿದರೆ ಮಾತ್ರ ಇಳಿಯುತ್ತಿದೆ, ಹೊಗೆ ಬರುತ್ತಿದೆ, ತುಂಡಿನ ಮುಖ ಕರಿಕಾಗಿದೆ ಎಂದರೆ ಕಾರ್ಬೊರೇಟರ್ ಪಾಪದ್ದು, ಅದನ್ನು ಬಿಡಿ. ‘ಪವರ್ ಇಲ್ಲ’ ಎಂದು ನನ್ನ ಹತ್ತಿರ ಬಂದ ಮೆಷಿನ್‌ಗಳಲ್ಲಿ ಹೆಚ್ಚಿನವು ಅರ ಹಾಕಿದ ಮೇಲೆ ಸರಿಯಾಗಿವೆ. ಉಳಿದದ್ದರಲ್ಲಿ ಬಹುಪಾಲು ಏರ್ ಫಿಲ್ಟರ್ ಕಟ್ಟಿದ್ದು. ಮೊಂಡು ಚೈನ್ ಸುರಕ್ಷಿತ ಅಂದುಕೊಳ್ಳುವವರಿದ್ದಾರೆ. ನಿಜಕ್ಕೂ ಅಮುಕಿ ಅಮುಕಿ ತೋಳು ಸೋತಾಗಲೇ ಹಿಡಿತ ತಪ್ಪುವುದು.

ಯಾವ ಅರ ತರ್ಬೇಕು?

ಸಣ್ಣ ಮೆಷಿನ್‌ಗಳ ತಗ್ಗು (‘ಲೋ ಪ್ರೊಫೈಲ್’) 3/8 ಚೈನಿಗೆ 4 ಮಿಲಿಮೀಟರಿನ ದುಂಡು ಅರ. .325ಕ್ಕೆ 4.8. ದೊಡ್ಡ 3/8ಕ್ಕೆ 5.2 ಅಥವಾ 5.5, ಚೈನ್ ಮಾಡಿದವರು ಹೇಳಿದ್ದು. ಜೊತೆಗೆ ಒಂದು ಚಪ್ಪಟೆ ಅರ. ಹಿಡಿ ಇಲ್ಲದ ಅರ ಹಿಡಿಯಬೇಡಿ, ಅದರ ಚೂಪು ಬಾಲ ಅಂಗೈಗೆ ನುಗ್ಗುತ್ತದೆ. ಕೋನ ತೋರಿಸುವ ತಗಡಿನ ಗೈಡ್ ಸಿಕ್ಕರೆ ಕೊಳ್ಳಿ, ಕೈ ಪಳಗುವವರೆಗೆ ಬಹಳ ಸಹಾಯ.

ಅರ ಹಾಕೋದು ಒಮ್ಮೆ ಸರಿಯಾಗಿ ಹೇಳಿಕೊಡಿ. ನೋಡಿದ್ರೆ ಸುಲಭ, ಮಾಡಿದ್ರೆ ಹಾಳಾಗುತ್ತೆ.

ಬೆಳಕು ಚೆನ್ನಾಗಿರುವ ಕಡೆ ಕೂರಿ. ಬಾರ್ ಅಲ್ಲಾಡಬಾರದು. ವೈಸ್ ಇದ್ದರೆ ಸರಿ, ಇಲ್ಲವಾದರೆ ಕುತ್ತಿಯೊಂದರಲ್ಲಿ ಒಂದಿಂಚು ಆಳದ ಗೀರು ಕುಯ್ದು ಬಾರನ್ನು ಅದರಲ್ಲಿ ಕೂರಿಸಿ. ತೋಟದಲ್ಲಿ ನಾನು ಮಾಡುವುದು ಇದೇ. ಮೆಷಿನ್ ಆಫ್, ಪ್ಲಗ್ಗಿನ ಟೋಪಿ ಹೊರಗೆ, ಗವಸು ಕೈಯಲ್ಲಿ. ಚೈನನ್ನು ಸೀಮೆಎಣ್ಣೆಯಲ್ಲಿ ಒರೆಸಿ. ಹಲಸು ಕುಯ್ದಿದ್ದರೆ ಮೇಣ ಹಿಡಿದಿರುತ್ತದೆ, ಅದರ ಮೇಲೆ ಅರ ಓಡಿಸಿದರೆ ಅರವೇ ಹಾಳು.

ಈಗ ಒಂದು ಹಲ್ಲನ್ನು ಹತ್ತಿರದಿಂದ ನೋಡಿ. ಮೇಲೆ ಒಂದು ತಟ್ಟೆ, ಪಕ್ಕದಲ್ಲಿ ಒಂದು ಗೋಡೆ, ಎರಡೂ ಸೇರುವ ಮೂಲೆಯೇ ಮರ ಕಚ್ಚುವುದು. ಆ ಅಂಚಿನಲ್ಲಿ ಬೆಳಕಿಗೆ ಬಿಳಿ ಗೆರೆ ಹೊಳೆದರೆ ಅದೇ ಮೊಂಡುತನ. ಹರಿತದ ಅಂಚು ಹೊಳೆಯುವುದಿಲ್ಲ. ಆ ಗೆರೆ ಮಾಯವಾಗುವವರೆಗೆ ಅರ ಹಾಕಬೇಕು, ಅದಕ್ಕಿಂತ ಹೆಚ್ಚು ಬೇಡ.

ಎಲ್ಲಕ್ಕಿಂತ ಗಿಡ್ಡ ಹಲ್ಲನ್ನು ಹುಡುಕಿ ಪೆನ್ನಿನಿಂದ ಗುರುತು ಹಾಕಿ. ಅಲ್ಲಿಂದ ಶುರು. ಅರದ ದಪ್ಪದಲ್ಲಿ ಐದರಲ್ಲೊಂದು ಪಾಲು ಹಲ್ಲಿನ ತಟ್ಟೆಗಿಂತ ಮೇಲೆ ಕಾಣಬೇಕು. ಸಾಮಾನ್ಯ ಚೈನಿಗೆ ಕೋನ 30 ಡಿಗ್ರಿ. ಎಷ್ಟೋ ಚೈನ್‌ಗಳಲ್ಲಿ ತಟ್ಟೆಯ ಹಿಂಭಾಗದಲ್ಲಿ ಆ ಕೋನದ ಗೆರೆಯನ್ನು ಕೊರೆದೇ ಇರುತ್ತಾರೆ, ಅದಕ್ಕೆ ಸಮನಾಗಿ ಅರ ಹಿಡಿದರಾಯಿತು. ಹಲ್ಲಿನ ಒಳಬದಿಯಿಂದ ಹೊರಬದಿಗೆ ತಳ್ಳಿ. ತಳ್ಳುವಾಗ ಮಾತ್ರ ಕುಯ್ಯಬೇಕು, ವಾಪಸ್ ತರುವಾಗ ಅರ ಎತ್ತಿ. ಗರಗಸ ಎಳೆದ ಹಾಗೆ ಹಿಂದೆ ಮುಂದೆ ತಿಕ್ಕುವುದು ಹೊಸಬರ ಮೊದಲ ತಪ್ಪು. ಪ್ರತಿ ತಳ್ಳುವಿಕೆಗೆ ‘ಸರ್ರ್’ ಎಂದು ಒಂದೇ ಸದ್ದು, ಸಣ್ಣ ಬೆಳ್ಳಿ ಪುಡಿ.

ಗುರುತಿನ ಹಲ್ಲಿಗೆ ಮೂರು ತಳ್ಳು ಸಾಕಾದರೆ ಆ ಬದಿಯ ಉಳಿದವಕ್ಕೂ ಮೂರೇ ತಳ್ಳು. ಉದ್ದ ಉಳಿದದ್ದಕ್ಕೆ ಒಂದು ಜಾಸ್ತಿ. ಒಂದು ಬದಿಯದು ಪೂರ್ತಿ ಮುಗಿಸಿ ಆಮೇಲೆ ಆ ಕಡೆ ಹೋಗಿ ಕೂರಿ. ಬಲಗೈಯವರಿಗೆ ಒಂದು ಬದಿ ಯಾವಾಗಲೂ ಚೆನ್ನಾಗಿ ಬರುತ್ತದೆ, ಇನ್ನೊಂದು ಬದಿ ಸೋಲುತ್ತದೆ. ಆ ಸೋಲುವ ಬದಿಗೆ ನಿಧಾನ ಮಾಡಿ.

ಪೂರ್ತಿ ಮೊಂಡಾಗುವವರೆಗೆ ಕಾಯಬೇಡಿ. ನಾನು ಎರಡು ಟ್ಯಾಂಕ್ ಪೆಟ್ರೋಲಿಗೊಮ್ಮೆ ಎರಡು ತಳ್ಳು ಹಾಕುತ್ತೇನೆ. ಎಲೆ ಅಡಿಕೆ ಹಾಕಿ ಮುಗಿಯುವಷ್ಟರಲ್ಲಿ ಕೆಲಸ ಆಗಿರುತ್ತದೆ.

ಹಲ್ಲಿನ ಮುಂದೆ ಒಂದು ಗೂಟ ಇದೆಯಲ್ಲ, ಅದನ್ನೂ ಅರ ಹಾಕ್ಬೇಕಾ?

ಅದು ರೇಕರ್. ಹಲ್ಲು ಒಂದು ಸಲಕ್ಕೆ ಎಷ್ಟು ಮರ ಕಚ್ಚಬೇಕು ಎನ್ನುವುದನ್ನು ನಿರ್ಧರಿಸುವುದು ಅದೇ. ಹಲ್ಲು ಸವೆದಂತೆ ತಟ್ಟೆ ತಗ್ಗುತ್ತದೆ, ಗೂಟ ಹಾಗೇ ಉಳಿಯುತ್ತದೆ. ಆಗ ಹಲ್ಲು ಹರಿತ ಇದ್ದರೂ ಮರ ಮುಟ್ಟುವುದೇ ಇಲ್ಲ. ಸಾಮಾನ್ಯವಾಗಿ ತಟ್ಟೆಗಿಂತ ಗೂಟ 0.65 ಮಿಲಿಮೀಟರ್ ತಗ್ಗಿರಬೇಕು. ನಾಲ್ಕೈದು ಸಲ ಅರ ಹಾಕಿದ ಮೇಲೊಮ್ಮೆ ಗೂಟದ ಎತ್ತರ ಅಳೆಯುವ ತಗಡು ಇಟ್ಟು, ಮೇಲೆ ಬಂದಷ್ಟನ್ನು ಚಪ್ಪಟೆ ಅರದಿಂದ ತೆಗೆಯಿರಿ. ಮುಂದಿನ ಮೂಲೆಯನ್ನು ದುಂಡಗೆ ಬಿಡಿ.

‘ಇನ್ನೂ ಸ್ವಲ್ಪ ತಗ್ಗಿಸಿದ್ರೆ ಬೇಗ ಕುಯ್ಯುತ್ತೆ’ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಕೇಳಬೇಡಿ. ಹಾಗೆ ಮಾಡಿದ ಚೈನ್ ಮರವನ್ನು ದೊಡ್ಡದಾಗಿ ಕಚ್ಚಿ ಹಿಡಿಯುತ್ತದೆ, ಮೆಷಿನ್ ಜಗ್ಗುತ್ತದೆ, ಮುಖಕ್ಕೆ ಒದೆಯುವ ಸಂಭವವೂ ಹೆಚ್ಚುತ್ತದೆ.

ಪೇಟೆಯಲ್ಲಿ ಗ್ರೈಂಡರಿಗೆ ಕೊಟ್ರೆ ಹತ್ತೇ ನಿಮಿಷ. ಕೈಯಲ್ಲಿ ಯಾಕೆ ಕಷ್ಟ?

ಕಲ್ಲಿಗೆ ತಾಗಿ ಹಲ್ಲುಗಳು ಒಂದೊಂದು ಉದ್ದ ಆಗಿದ್ದರೆ ಗ್ರೈಂಡರ್ ಒಳ್ಳೆಯದೇ. ಹಿಡಿಯುವವನಿಗೆ ತಾಳ್ಮೆ ಇರಬೇಕು. ನಾನು ಕೊಟ್ಟ ಒಂದು ಚೈನ್ ನೀಲಿ ನೀಲಿ ಹಲ್ಲುಗಳೊಂದಿಗೆ ವಾಪಸ್ ಬಂತು. ಬಣ್ಣ ನೋಡಿ ಚೆಂದ ಅನ್ನಿಸಿತು. ನೀಲಿ ಅಂದರೆ ಸುಟ್ಟದ್ದು, ಉಕ್ಕಿನ ಹದ ಕೆಟ್ಟದ್ದು ಎಂದು ಆಮೇಲೆ ಗೊತ್ತಾಯಿತು. ಕೆಲವು ಹಲ್ಲಿನ ಮೇಲೆ ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರುತ್ತಿತ್ತು, ಕೆಲವು ಒಂದೇ ಮರಕ್ಕೆ ಮೊಂಡಾದವು.

ತೆಂಗು, ಬಿದಿರು ಕುಯ್ದ ದಿನ ಚೈನ್ ಇಷ್ಟು ಬೇಗ ಯಾಕೆ ಹೋಗುತ್ತೆ?

ಬಿದಿರಿನ ಸಿಪ್ಪೆಯಲ್ಲಿ ಮರಳಿನ ಅಂಶವಾದ ಸಿಲಿಕಾ ಇದೆ. ಹಳೆಯ ತೆಂಗಿನ ಹೊರಸುತ್ತು ಕಲ್ಲಿನಂತೆ ಗಟ್ಟಿ. ಆದರೆ ಚೈನಿನ ನಿಜವಾದ ಶತ್ರು ಮಣ್ಣು. ನೆಲದಲ್ಲಿ ಬಿದ್ದ ದಿಮ್ಮಿಯನ್ನು ಪೂರ್ತಿ ಕುಯ್ಯುವಾಗ ಮೂತಿ ಒಂದು ಕ್ಷಣ ಮಣ್ಣಿಗೆ ತಾಗಿದರೆ ಇಡೀ ದಿನದ ಅರ ಹೋಯಿತು. ಕೆಳಗೆ ಅಡ್ಡ ಕೋಲು ಕೊಡಿ, ಇಲ್ಲವೇ ಮುಕ್ಕಾಲು ಕುಯ್ದು ಉರುಳಿಸಿ. ಬೇಲಿ ಸಾಲಿನ ಮರಗಳಲ್ಲಿ ಹಳೆಯ ತಂತಿ, ಮೊಳೆ ತೊಗಟೆಯೊಳಗೆ ಮುಳುಗಿರುತ್ತವೆ. ಅಲ್ಲಿ ಕೊಡಲಿಯೇ ವಾಸಿ.

## ಕೈ ಪಳಗಿದವರು ಕೇಳುವುದು

ನೆಟ್ಟಗೆ ಹಿಡಿದ್ರೂ ಒಂದೇ ಕಡೆ ವಾಲಿಕೊಂಡು ಕುಯ್ಯುತ್ತೆ. ಅರ ಸರಿಯೇ ಇದೆ.

ಮೊದಲ ಅನುಮಾನ ಅರದ ಮೇಲೆಯೇ. ಎಡ ಮತ್ತು ಬಲದ ಹಲ್ಲುಗಳ ಉದ್ದ ಅಳೆದು ನೋಡಿ. ಉದ್ದ, ಹರಿತ ಹಲ್ಲಿರುವ ಕಡೆಗೆ ಚೈನ್ ಎಳೆಯುತ್ತದೆ. ಎರಡೂ ಸಮ ಇದ್ದರೆ ಬಾರ್ ನೋಡಿ. ಗಾಡಿಯ ಎರಡು ಅಂಚುಗಳಲ್ಲಿ ಒಂದು ಸವೆದು ತಗ್ಗಿರುತ್ತದೆ. ಬಾರನ್ನು ಗಾಜಿನ ಮೇಲೋ ಗ್ರಾನೈಟ್ ಕಟ್ಟೆಯ ಮೇಲೋ ನಿಲ್ಲಿಸಿದರೆ ವಾಲುವುದು ಕಾಣುತ್ತದೆ. ಚಪ್ಪಟೆ ಅರವನ್ನು ನೇರ ಹಿಡಿದು ಎರಡನ್ನೂ ಸಮ ಮಾಡಿ. ಪಕ್ಕಕ್ಕೆ ಹೊರಳಿದ ಚೂಪು ಅಂಚನ್ನೂ ತೆಗೆಯಿರಿ, ಅದು ಬೆರಳು ಸೀಳುತ್ತದೆ.

ಅರ ಹಾಕಿದಾಗಲೆಲ್ಲ ಬಾರನ್ನು ತಲೆಕೆಳಗು ಮಾಡಿ ಹಾಕುತ್ತಿದ್ದರೆ ಈ ತೊಂದರೆ ಬಹಳ ತಡವಾಗಿ ಬರುತ್ತದೆ. ಗಾಡಿಯೊಳಗಿನ ಕೆಸರಿನಂಥ ಹೊಟ್ಟನ್ನು ಹಳೆಯ ಹ್ಯಾಕ್ಸಾ ಬ್ಲೇಡಿನಿಂದ ಗೀರಿ ತೆಗೆಯಿರಿ. ಮೂತಿಯ ಚಕ್ರಕ್ಕೆ ಸಣ್ಣ ತೂತಿದ್ದರೆ ಒಂದು ಹನಿ ಗ್ರೀಸ್.

ಹೊಸ ಚೈನ್ ಹಾಕಿದ್ರೂ ಕಟ ಕಟ ಅನ್ನುತ್ತೆ.

ಚೈನನ್ನು ಓಡಿಸುವ ಚಕ್ರ, ಸ್ಪ್ರಾಕೆಟ್, ನೋಡಿದ್ದೀರಾ? ಅದರಲ್ಲಿ ಅರ್ಧ ಮಿಲಿಮೀಟರಿಗಿಂತ ಆಳದ ಗುಂಡಿ ಬಿದ್ದಿದ್ದರೆ ಬದಲಾಯಿಸಿ. ಎರಡು ಚೈನ್ ಸವೆದರೆ ಒಂದು ಸ್ಪ್ರಾಕೆಟ್, ಇದು ನೆನಪಿಡಲು ಸುಲಭದ ಲೆಕ್ಕ. ಹಳೇ ಸ್ಪ್ರಾಕೆಟ್ಟಿನ ಮೇಲೆ ಹೊಸ ಚೈನ್ ಹಾಕಿದರೆ ಹೊಸದೂ ಬೇಗ ಹಳೆಯದಾಗುತ್ತದೆ.

ಮೆಷಿನ್ ಒಮ್ಮೆಲೇ ಮುಖದ ಕಡೆ ಒದ್ದು ಬಂತು. ಬ್ರೇಕ್ ಇದೆ ಅಂತ ಧೈರ್ಯ ಇತ್ತು.

ಬಾರಿನ ಮೂತಿಯನ್ನು ಗಡಿಯಾರದ ಮುಖ ಅಂದುಕೊಳ್ಳಿ. ಮೆಷಿನ್ ನಿಮ್ಮ ಎಡಕ್ಕಿದ್ದು, ಮೂತಿ ಬಲಕ್ಕಿದ್ದರೆ 12ರಿಂದ 3ರವರೆಗಿನ ಭಾಗ ಒದೆಯುವ ಭಾಗ. ಅಲ್ಲಿಗೆ ಇನ್ನೊಂದು ಕೊಂಬೆ ತಾಗಿದರೆ ಚೈನ್ ಕುಯ್ಯಲಾರದೆ ಸಿಕ್ಕಿಕೊಂಡು ಬಾರನ್ನೇ ಮೇಲಕ್ಕೆ, ಹಿಂದಕ್ಕೆ ಎಸೆಯುತ್ತದೆ. ಪೂರ್ತಿ ಆಕ್ಸಿಲರೇಟರಿನಲ್ಲಿ ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತಿರುತ್ತದೆ, ನಿಮಗೆ ಯೋಚನೆ ಹೊಳೆಯುವಷ್ಟು ಹೊತ್ತಿರುವುದಿಲ್ಲ. ಬಿದ್ದ ಮರದ ಕೊಂಬೆ ಸವರುವಾಗ, ಎಲೆಗಳ ಮರೆಯಲ್ಲಿ ಮೂತಿ ಎಲ್ಲಿದೆ ಎಂದು ಕಾಣದಿದ್ದಾಗ ಇದು ಹೆಚ್ಚು.

ಎಡಗೈ ಹೆಬ್ಬೆರಳು ಹಿಡಿಯ ಕೆಳಗೆ ಸುತ್ತಿರಲಿ. ಭುಜಕ್ಕಿಂತ ಮೇಲೆ ಎತ್ತಿ ಕುಯ್ಯಬೇಡಿ. ಬಾರಿನ ನೇರಕ್ಕೆ ತಲೆ ಇಡದೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಬ್ರೇಕ್ ಕೊನೆಯ ಕಾವಲು, ಅದನ್ನೂ ದಿನಾ ಪರೀಕ್ಷಿಸಬೇಕು. ಎರಡೂ ಕೈಯಲ್ಲಿ ಗಟ್ಟಿ ಹಿಡಿದು ಪೂರ್ತಿ ಆಕ್ಸಿಲರೇಟರ್ ಕೊಟ್ಟು, ಹಿಡಿ ಬಿಡದೆ ಎಡಗೈ ಮಣಿಕಟ್ಟಿನಿಂದ ಮುಂದಿನ ಗಾರ್ಡ್ ತಳ್ಳಿ. ಚೈನ್ ತಕ್ಷಣ ನಿಲ್ಲಬೇಕು, ನಿಂತ ಕೂಡಲೇ ಆಕ್ಸಿಲರೇಟರ್ ಬಿಡಿ. ನಿಲ್ಲದಿದ್ದರೆ ಬ್ರೇಕ್ ಪಟ್ಟಿಯಲ್ಲಿ ಹೊಟ್ಟು ತುಂಬಿರಬಹುದು, ಪಟ್ಟಿ ಸವೆದೂ ಇರಬಹುದು. ಸರಿಯಾಗುವವರೆಗೆ ಆ ಮೆಷಿನ್ ಮುಟ್ಟಬೇಡಿ.

ಆಕ್ಸಿಲರೇಟರ್ ಬಿಟ್ರೂ ಚೈನ್ ಮೆಲ್ಲಗೆ ತಿರುಗ್ತಾ ಇರುತ್ತೆ. ಪರವಾಗಿಲ್ವಾ?

ಪರವಾಗಿದೆ, ದೊಡ್ಡ ಪರವಾ ಇದೆ. ಐಡಲ್ ಜಾಸ್ತಿ ಇದ್ದರೆ ಐಡಲ್ ಸ್ಕ್ರೂ ಸ್ವಲ್ಪ ಸ್ವಲ್ಪವೇ ತಗ್ಗಿಸಿ. ಮೆಷಿನ್ ಇನ್ನೇನು ನಿಲ್ಲುತ್ತದೆ ಎನ್ನುವವರೆಗೆ ತಗ್ಗಿಸಿದರೂ ಚೈನ್ ತಿರುಗುತ್ತಿದ್ದರೆ ಕ್ಲಚ್ಚಿನ ಸ್ಪ್ರಿಂಗ್ ಮುರಿದಿರಬಹುದು. ಅದನ್ನು ಗೊತ್ತಿದ್ದವರೇ ಬಿಚ್ಚಲಿ.

ಹುಳ ನೋಡಿ ಈ ಹಲ್ಲು ಮಾಡಿದ್ದಂತೆ, ಸುಮ್ನೆ ಕತೆನಾ?

ನಿಜ. ಅಮೆರಿಕದ ಆರೆಗಾನ್‌ನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರಕಡಿಯುವವರು 1946ರಲ್ಲಿ ಸೌದೆ ಒಡೆಯುವಾಗ ಒಂದು ಕುತ್ತಿಯಲ್ಲಿ ಮರ ಕೊರೆಯುವ ದುಂಬಿಯ ಮರಿಹುಳ ಕಂಡರು. ಅದರ ದವಡೆ ಎಡಕ್ಕೊಮ್ಮೆ ಬಲಕ್ಕೊಮ್ಮೆ, ನಾರು ಯಾವ ಕಡೆಗಿದ್ದರೂ ಕುಯ್ಯುತ್ತಿತ್ತು. ಅದೇ ಆಕಾರದಲ್ಲಿ ಎಡ ಬಲ ಹಲ್ಲುಗಳ ಚೈನ್ ಮಾಡಿ, 1947ರಲ್ಲಿ ಮನೆಯ ನೆಲಮಾಳಿಗೆಯಲ್ಲೇ ತಯಾರಿಕೆ ಶುರು ಮಾಡಿದರು. ನಮ್ಮ ಅರೇಬಿಕಾ ಗಿಡಗಳನ್ನು ಒಳಗಿಂದೊಳಗೆ ತಿನ್ನುವ ಬಿಳಿ ಕಾಂಡಕೊರಕವೂ ದುಂಬಿಯ ಮರಿಯೇ. ಕಾಫಿ ಬೆಳೆಗಾರರಿಗೆ ಆ ದವಡೆಯ ಶಕ್ತಿ ಬಿಡಿಸಿ ಹೇಳಬೇಕಾಗಿಲ್ಲ.

ಚೈನ್ ಯಾವಾಗ ಬಿಸಾಡ್ಬೇಕು?

ಹಲ್ಲಿನ ತಟ್ಟೆ ಅತೀ ಗಿಡ್ಡ ಇರುವಲ್ಲಿ 4 ಮಿಲಿಮೀಟರಿಗೆ ಬಂದಾಗ. ಕೆಲವು ಚೈನ್‌ಗಳಲ್ಲಿ ಅದಕ್ಕೊಂದು ಗುರುತಿನ ಗೆರೆಯೇ ಇರುತ್ತದೆ. ಕೊಂಡಿಯಲ್ಲಿ ಬಿರುಕು ಕಂಡರೆ, ರಿವಿಟ್ ಸಡಿಲ ಇದ್ದರೆ ಹಲ್ಲು ಎಷ್ಟೇ ಉದ್ದವಿರಲಿ, ಅವತ್ತೇ ತೆಗೆಯಿರಿ. ತುಂಡಾದ ಚೈನ್ ಚಾಟಿಯ ಹಾಗೆ ಬರುತ್ತದೆ.

ತೆಗೆದದ್ದನ್ನು ಗೊಬ್ಬರಗುಂಡಿಗೋ ಬೇಲಿಯ ಆಚೆಗೋ ಎಸೆಯಬೇಡಿ. ದನದ ಗೊರಸಿನ ಸಂದಿಗೆ ಸಿಕ್ಕಿಕೊಂಡದ್ದನ್ನು ನಾನೇ ಬಿಡಿಸಿದ್ದೇನೆ, ಅದು ಒದ್ದ ನೋವು ಎರಡು ವಾರ ಇತ್ತು. ಗೋಣಿ ತುಂಡಿನಲ್ಲಿ ಸುತ್ತಿ, ತಂತಿ ಕಟ್ಟಿ, ಗುಜರಿಯವನು ಬಂದಾಗ ‘ಒಳಗೆ ಹಲ್ಲಿದೆ’ ಎಂದು ಹೇಳಿ ಕೊಡಿ.